ಉಂಡೆದ್ದು ಸಾವಿರ ಹೆಜ್ಜೆ

ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ‘ಶುಗರ್’ ಅಂದರೆ ಎರಡು ಅರ್ಥ. ಒಂದು, ಊರಿನ ಹೆಸರನ್ನು ಜಿಲ್ಲೆಯಾಚೆಗೂ ಮುಟ್ಟಿಸಿದ ಶ್ರೀ ರೇಣುಕಾ ಶುಗರ್ಸ್ ಕಾರ್ಖಾನೆ. ಇನ್ನೊಂದು, ಗೋಡೆಯ ಗೂಡಿನಲ್ಲಿ ಮಾತ್ರೆ ಹಾಳೆ, ಡಾಕ್ಟರ ಚೀಟಿ ಇಟ್ಟುಕೊಂಡು ಮನೆಯವರಂತೆಯೇ ಉಳಿದುಬಿಟ್ಟಿರುವ ಕಾಯಿಲೆ. ಕಟ್ಟೆಯ ಮೇಲೆ ಯಾರಾದರೂ “ಶುಗರ್ ಹೆಂಗದ ಈ ಸಲ?” ಅಂದರೆ, ಅದು ಕಬ್ಬಿನ ಬಿಲ್ಲಿನ ಮಾತೋ ರಕ್ತದ ಮಾತೋ ಎಂದು ತಿಳಿಯಲು ಉತ್ತರ ಹೇಳುವವರ ವಯಸ್ಸು ನೋಡಬೇಕು.

ಎರಡಕ್ಕೂ ನೇರ ನಂಟಿಲ್ಲ ಬಿಡಿ. ಕಬ್ಬು ಬೆಳೆದವರಿಗೆ ಸಕ್ರಿ ಬ್ಯಾನಿ ಬರುತ್ತದೆಂದೇನೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ಎಲ್ಲ ರಾಜ್ಯಗಳನ್ನು ಸುತ್ತಿ ನಡೆಸಿದ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. 10.1 ಕೋಟಿ ಜನಕ್ಕೆ ಮಧುಮೇಹ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಎಂದಿತು ಆ ಲೆಕ್ಕ. ಕಬ್ಬಿನ ಹೊಲವೇ ಕಾಣದವರು ಇದರಲ್ಲಿ ಬೇಕಾದಷ್ಟು ಇದ್ದಾರೆ.

ಒಂದು ಸಂಜೆ ಆ ಊರಿನ ಪರಿಚಯದ ಕಾಕಾ ಒಬ್ಬರ ಮನೆಯ ಕಟ್ಟೆಗೆ ಕೂತಿದ್ದೆ. ಅರವತ್ತು ದಾಟಿದವರು, ಶುಗರ್ ಬಂದು ಏಳೆಂಟು ವರ್ಷವಾಗಿದೆ. ಮಾತ್ರೆಗಳ ಹೆಸರಿನ ಕೆಳಗೆ ಡಾಕ್ಟರು ಗೀಚಿದ್ದ ‘ವಾಕಿಂಗ್’ ಎಂಬ ಪದದ ಮೇಲೆ ಬೆರಳಿಟ್ಟು ಕೇಳಿದರು: “ನೋಡ್ರಿ ಸರ, ಹುಟ್ಟಿದಾಗಿಂದ ಎರಿ ಹೊಲದಾಗ ನಡ್ಕೋತೇ ಬಂದೀನಿ. ದುಡಿಯೋ ಮಂದಿಗಿ ಮತ್ಯಾಕ್ರಿ ವಾಕಿಂಗ್? ಅದು ಕಲಬುರಗಿ ಸಾಹೇಬರಿಗಿ.”

ಈ ಪ್ರಶ್ನೆಯನ್ನು ಆಳಂದದಲ್ಲೂ ಕೇಳಿದ್ದೇನೆ, ಜೇವರ್ಗಿಯಲ್ಲೂ ಕೇಳಿದ್ದೇನೆ. ನಗುವ ಪ್ರಶ್ನೆಯಲ್ಲ ಅದು. ಬೆಳಗಿನ ಜಾವ ಬಿಳಿ ಬೂಟು ಹಾಕಿಕೊಂಡು ಕೆರೆ ದಂಡೆ ಸುತ್ತುವುದು ಪಟ್ಟಣದವರ ಶೋಕಿ ಅನ್ನುವ ಭಾವನೆ ಹಳ್ಳಿಯಲ್ಲಿ ಗಟ್ಟಿಯಾಗಿದೆ. ದುಡಿದು ಬಂದವನು ಮತ್ತೆ ಸುಮ್ಮಸುಮ್ಮನೆ ನಡೆದರೆ ಜನ ನಗುತ್ತಾರೆ. ಹಾಗಾಗಿ ಕಾಕಾ ಜೊತೆ ನಾನು ವಾದಕ್ಕಿಳಿಯಲಿಲ್ಲ. ಇಬ್ಬರೂ ಕೂತು ಅವರ ದಿನವನ್ನು ಲೆಕ್ಕ ಹಾಕಿದೆವು. ಬೆಳಿಗ್ಗೆ ಹೊಲಕ್ಕೆ ಹೋಗುವುದು ಮೊಮ್ಮಗನ ಬೈಕಿನ ಹಿಂದೆ ಕೂತು. ನೇಗಿಲ ಹಿಂದೆ ನಡೆದದ್ದು ಯಾವಾಗಲೋ. ಈಗ ಟ್ರ್ಯಾಕ್ಟರ್ ಹೊಡೆಯುವುದನ್ನು ಬದುವಿನ ಮೇಲೆ ನಿಂತು ನೋಡುವ ಕೆಲಸ. ತೊಗರಿ ರಾಶಿಗೆ ಮಷಿನ್ ಬರುತ್ತದೆ. ಕಬ್ಬು ಕಡಿಯಲು ಗ್ಯಾಂಗು ಬರುತ್ತದೆ. ಮಧ್ಯಾಹ್ನ ಉಂಡು ಒಂದು ನಿದ್ದೆ, ಸಂಜೆ ಈ ಕಟ್ಟೆ, ರಾತ್ರಿ ಉಂಡು ಟಿವಿ, ಮತ್ತೆ ಹಾಸಿಗೆ. ಎಣಿಸುತ್ತ ಎಣಿಸುತ್ತ ಕಾಕಾನೇ ಅಂದರು, “ಅಂದ್ರ ನಾ ದುಡಿಯೋದು ಬಿಟ್ಟು ಎಷ್ಟೋ ವರ್ಷ ಆತಲ್ರಿ.”

ಇನ್ನು ನಿಜವಾಗಿ ದುಡಿಯುವವರ ಮಾತು. ಈ ಸೀಮೆಯ ದುಡಿಮೆಗೆ ಹಂಗಾಮಿದೆ. ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರ್–ಜನವರಿ ಹೊತ್ತಿಗೆ ರಾಶಿಗೆ ಬರುತ್ತದೆ. ಅಲ್ಲಿಂದ ಮುಂದಿನ ಮಿರಗದ ಮಳೆಯ ತನಕ, ಅದರಲ್ಲೂ ಮಾರ್ಚ್‌ನಿಂದ ಮೇವರೆಗೆ, ಮೈಗೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ಬಿಸಿಲು 42 ಡಿಗ್ರಿ ದಾಟುವುದೂ, ಜಾತ್ರೆ, ಮದುವೆ, ಹೋಳಿಗೆ, ಮಾವಿನ ಶೀಕರಣೆ ಒಟ್ಟಿಗೆ ಬರುವುದೂ ಆಗಲೇ. ಡಿಸೆಂಬರಿನಲ್ಲಿ ಸುರಿಸಿದ ಬೆವರು ಏಪ್ರಿಲ್‌ನಲ್ಲಿ ಕೈ ಹಿಡಿಯುತ್ತದೆ ಅಂದುಕೊಂಡರೆ ಕೆಟ್ಟೆವು. ಮೈ ದಣಿಸಿದ್ದರಿಂದ ಇನ್ಸುಲಿನ್ ಚುರುಕಾಗುವ ಪ್ರಯೋಜನ ಒಂದು ದಿನ, ಹೆಚ್ಚೆಂದರೆ ಎರಡು-ಮೂರು ದಿನ ಉಳಿದು ಇಳಿದುಹೋಗುತ್ತದೆ. ಇದು ಬ್ಯಾಂಕಿನಲ್ಲಿಟ್ಟು ಬಡ್ಡಿ ತಿನ್ನುವ ದುಡ್ಡಲ್ಲ, ದಿನಗೂಲಿ. ಅದಕ್ಕೇ ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ ವಾರಕ್ಕೆ 150 ನಿಮಿಷದ ಸಾಧಾರಣ ವ್ಯಾಯಾಮ ಎಂದು ಹೇಳಿ ಅಲ್ಲಿಗೇ ನಿಲ್ಲಿಸುವುದಿಲ್ಲ, ಎರಡು ದಿನಕ್ಕಿಂತ ಹೆಚ್ಚು ಸತತವಾಗಿ ಬಿಡುವು ಕೊಡಬೇಡಿ ಎಂದೂ ಸೇರಿಸುತ್ತದೆ. ಭಾನುವಾರ ಒಂದೇ ದಿನ ಎರಡೂವರೆ ತಾಸು ನಡೆದು ಲೆಕ್ಕ ಚುಕ್ತಾ ಮಾಡಲು ಬರುವುದಿಲ್ಲ.

ನಡೆದರೆ ಒಳಗೆ ಆಗುವುದೇನು? ಕಾಕಾಗೆ ನಾನು ಹೇಳಿದ್ದು ಅವರಿಗೆ ಚೆನ್ನಾಗಿ ಗೊತ್ತಿರುವ ಲೆಕ್ಕದಲ್ಲಿಯೇ. ಹಂಗಾಮಿನಲ್ಲಿ ಕಾರ್ಖಾನೆಯ ಕಾಟಾ ಮುಂದೆ ಕಬ್ಬಿನ ಗಾಡಿಗಳು ಪಾಳಿ ಹಚ್ಚುತ್ತವೆ. ಒಳಗೆ ಬಿಡುವ ಗೇಟು ನಿಧಾನವಾದರೆ ಪಾಳಿ ಬೆಳೆದು ರಸ್ತೆಗೆ ಬರುತ್ತದೆ, ರಸ್ತೆಯೇ ಕಟ್ಟುತ್ತದೆ. ಮಧುಮೇಹವೂ ಅಷ್ಟೆ. ಉಂಡ ರೊಟ್ಟಿ-ಅನ್ನ ಗ್ಲೂಕೋಸ್ ಆಗಿ ರಕ್ತಕ್ಕೆ ಇಳಿಯುತ್ತದೆ. ಅದು ಸ್ನಾಯುವಿನ ಒಳಗೆ ಹೋಗಬೇಕು. ಗೇಟು ತೆಗೆಸುವವನು ಇನ್ಸುಲಿನ್. ಎರಡನೇ ಬಗೆಯ ಮಧುಮೇಹದಲ್ಲಿ, ಅಂದರೆ ನಮ್ಮ ನಡುವೆ ಕಾಣುವ ಬಹುಪಾಲು ಮಧುಮೇಹದಲ್ಲಿ, ಅವನು ಕೂಗಿದರೂ ಗೇಟಿನವರಿಗೆ ಕೇಳಿಸುವುದಿಲ್ಲ. ವರ್ಷ ಕಳೆದಂತೆ ಅವನ ದನಿಯೂ ಉಡುಗುತ್ತದೆ. ಗಾಡಿಗಳು ರಸ್ತೆಯಲ್ಲೇ ನಿಲ್ಲುತ್ತವೆ. ರಕ್ತದ ಸಕ್ಕರೆ ಏರಿದೆ ಎಂದರೆ ಇದೇ.

ಆದರೆ ಈ ಕಾರ್ಖಾನೆಗೆ ಇನ್ನೊಂದು ಗೇಟಿದೆ. ಸ್ನಾಯು ಕುಗ್ಗಿ ಹಿಗ್ಗಿ ಕೆಲಸಕ್ಕಿಳಿದ ಕೂಡಲೇ, ಜೀವಕೋಶದ ಒಳಗೆ ಮಲಗಿದ್ದ ಗ್ಲುಟ್-4 ಎಂಬ ಸಾಗಣೆ ಪ್ರೋಟೀನುಗಳು ಅಂಚಿಗೆ ಬಂದು ನಿಂತು ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುತ್ತವೆ. ಇನ್ಸುಲಿನ್ ಬಂದು ಕೂಗಲಿ ಎಂದು ಕಾಯುವುದಿಲ್ಲ. ಕಾಯಿಲೆ ಕೆಡಿಸಿದ್ದು ಮುಂದಿನ ಗೇಟನ್ನು ಮಾತ್ರ. ಹಿಂದಿನದು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ತೊಡೆ, ಪೃಷ್ಠ, ಮೀನಖಂಡ, ಇವೇ ಮೈಯ ದೊಡ್ಡ ಸ್ನಾಯುಗಳು. ಇವನ್ನು ಕೆಲಸಕ್ಕೆ ಹಚ್ಚಲು ಓಡಬೇಕಿಲ್ಲ, ಜಿಗಿಯಬೇಕಿಲ್ಲ. ನಡಿಗೆ ಸಾಕು.

“ಅಂದ್ರ ಗಾಡಿ ಬಂದು ನಿಂತಾಗೇ ಗೇಟ್ ತಗೀಬೇಕಲ್ರಿ?” ಅಂದರು ಕಾಕಾ. ಈ ಲೇಖನ ಬರೆಯಲು ಕೂತದ್ದೇ ಆ ಒಂದು ಮಾತಿಗಾಗಿ. ವೈದ್ಯರ ಚೀಟಿಯಲ್ಲಿ ಇಲ್ಲದ್ದು ಅದೇ. ಮಾತ್ರೆಗೆ ‘ಊಟಕ್ಕೆ ಮೊದಲು’, ‘ಊಟದ ನಂತರ’ ಎಂದು ಬರೆಯುತ್ತಾರೆ. ನಡಿಗೆಗೆ ಮಾತ್ರ ಹೊತ್ತೂ ಇಲ್ಲ, ಪ್ರಮಾಣವೂ ಇಲ್ಲ.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಎರಡನೇ ಬಗೆಯ ಮಧುಮೇಹ ಇದ್ದ 41 ಜನ. ಒಂದಷ್ಟು ದಿನ ಇವರು ತಮಗೆ ಬೇಕಾದ ಹೊತ್ತಿನಲ್ಲಿ ದಿನಕ್ಕೆ 30 ನಿಮಿಷ ನಡೆದರು. ಇನ್ನೊಂದಷ್ಟು ದಿನ ಅದೇ 30 ನಿಮಿಷವನ್ನು ಮೂರು ಪಾಲು ಮಾಡಿ, ಪ್ರತಿ ಊಟದ ಬೆನ್ನಿಗೇ ಹತ್ತು ಹತ್ತು ನಿಮಿಷ ನಡೆದರು. ನಡೆದದ್ದು ಅಷ್ಟೇ, ಹೊತ್ತು ಮಾತ್ರ ಬೇರೆ. ಊಟದ ನಂತರ ಏರುವ ಸಕ್ಕರೆ ಎರಡನೇ ಪದ್ಧತಿಯಲ್ಲಿ ಸರಾಸರಿ 12 ಶೇಕಡಾ ಕಡಿಮೆಯಾಯಿತು. ರಾತ್ರಿಯ ಊಟವಾದ ಮೇಲಂತೂ 22 ಶೇಕಡಾ. ರಾತ್ರಿಯೇ ಏಕೆ ಅಷ್ಟು ಅಂದರೆ, ದಿನದ ದೊಡ್ಡ ಊಟ ಆಗಿನದು, ಉಂಡ ಮೇಲೆ ಅಲ್ಲಾಡದೆ ಕೂರುವ ಹೊತ್ತೂ ಆಗಿನದೇ. ನ್ಯೂಜಿಲೆಂಡ್ ಆದರೇನು, ಹವಳಗಾ ಆದರೇನು, ರಾತ್ರಿ ಉಂಡು ಟಿವಿ ಮುಂದೆ ಕೂರುವವರೆಲ್ಲ ಒಂದೇ ಜಾತಿ.

ಉಂಡು ನೂರು ಹೆಜ್ಜೆ ಎಣಿಸು ಎಂದು ಸರ್ವಜ್ಞ ಹೇಳಿದ್ದು ನಮ್ಮ ಮುತ್ಯಾಗಳ ಬಾಯಲ್ಲೇ ಇದೆ. ಗಡಿಯಾಚೆಯ ಮರಾಠಿ ಮನೆಗಳಲ್ಲಿ ಇದಕ್ಕೆ ‘ಶತಪಾವಲಿ’ ಅಂತಲೇ ಹೆಸರು. ನಾನು ಗಡಿಯಾರ ಹಿಡಿದು ಎಣಿಸಿ ನೋಡಿದ್ದೇನೆ: ಹದವಾದ ನಡಿಗೆಯಲ್ಲಿ ನೂರು ಹೆಜ್ಜೆಗೆ ಒಂದು ನಿಮಿಷ. ಹತ್ತು ನಿಮಿಷಕ್ಕೆ ಸಾವಿರ. ಸರ್ವಜ್ಞನ ಮುಂದೆ ಒಂದು ಸೊನ್ನೆ ಇಟ್ಟರೆ ಒಟಾಗೊ. ಸರ್ವಜ್ಞನ ಕಾಲದವರು ಉಳಿದ ಸೊನ್ನೆಗಳನ್ನು ಹಗಲೆಲ್ಲ ದುಡಿದೇ ತುಂಬಿಸುತ್ತಿದ್ದರು ಎಂಬುದೂ ಇದ್ದೇ ಇದೆ.

ನಡಿಗೆಯ ಹದ ಹೇಗೆ ತಿಳಿಯುವುದು? ನಡೆಯುತ್ತ ಫೋನಿನಲ್ಲಿ ಬೀಗರ ಜೊತೆ ಮಾತಾಡಲು ಬರಬೇಕು, ಭಜನೆಯ ಪದ ಹಾಡಹೋದರೆ ಉಸಿರು ಸಾಲಬಾರದು. ಅದಕ್ಕಿಂತ ಹೆಚ್ಚು ಬೇಡ. ಎದೆ ಬಿಗಿದರೆ, ಎಡಗೈ ಅಥವಾ ದವಡೆಗೆ ನೋವು ಹರಿದರೆ, ಎಂದೂ ಇಲ್ಲದ ದಮ್ಮು ಹತ್ತಿದರೆ ಅಲ್ಲಿಗೇ ನಿಂತು ಆಸ್ಪತ್ರೆಗೆ ಹೋಗಬೇಕು. ಶುಗರ್ ಇದ್ದವರಿಗೆ ಹೃದಯದ ತೊಂದರೆ ಸದ್ದಿಲ್ಲದೆ ಬರುವುದುಂಟು.

ಮಾತ್ರೆಯ ಪಕ್ಕದಲ್ಲಿಟ್ಟರೆ ಇದರ ಬಲ ಎಷ್ಟು? 2011ರಲ್ಲಿ ‘ಜಾಮಾ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ಲೆಕ್ಕ ಬಂತು. ಹೊತ್ತು, ಪ್ರಮಾಣ ಗೊತ್ತು ಮಾಡಿ ಮಾಡಿಸಿದ ವ್ಯಾಯಾಮದಿಂದ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಸುಮಾರು 0.67ರಷ್ಟು ಇಳಿದಿತ್ತು. 8 ಇದ್ದದ್ದು 7.3ರ ಆಸುಪಾಸಿಗೆ ಬಂದಂತೆ. ಕೆಲವು ಮಾತ್ರೆಗಳ ಬಲವೂ ಇಷ್ಟೇ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಅದೇ ಲೆಕ್ಕದ ಇನ್ನೊಂದು ಸಾಲು. ವ್ಯಾಯಾಮ ಮಾಡಿ ಎಂದು ಬರೀ ಸಲಹೆ ಕೊಟ್ಟು ಕಳಿಸಿದಲ್ಲಿ, ಊಟದ ಸಲಹೆಯೂ ಜೊತೆಗಿಲ್ಲದಿದ್ದರೆ, ಎಚ್‌ಬಿಎ1ಸಿ ಇಳಿಯಲೇ ಇಲ್ಲ. ಚೀಟಿಯ ಕೆಳಗೆ ಗೀಚಿದ ‘ವಾಕಿಂಗ್’ ಏಕೆ ಫಲ ಕೊಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕಾಕಾನ ಮಕ್ಕಳಿಗೂ ಒಂದು ಮಾತು. ಮೂವತ್ತು ದಾಟಿದವರ ರಕ್ತ ಪರೀಕ್ಷೆ ಮಾಡಿಸಿ ಎಂದು ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದರೆ “ನಮಗೇನಾಗ್ಯಾದ?” ಎಂದು ವಾಪಸು ಕಳಿಸಬಾರದು. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಹೊಸ್ತಿಲಲ್ಲಿದ್ದ 531 ಜನರನ್ನು ಎರಡೂವರೆ ವರ್ಷ ಗಮನಿಸಿ 2006ರಲ್ಲಿ ವರದಿ ಬರೆದರು. ಊಟ, ನಡಿಗೆ ತಿದ್ದಿಕೊಂಡವರಲ್ಲಿ ಕಾಯಿಲೆ ಬರುವ ಸಂಭವ 28.5 ಶೇಕಡಾ ತಗ್ಗಿತ್ತು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ 26.4 ಶೇಕಡಾ.

ಒಳಗಿನಿಂದ ಕಾಕಿ ಮಾತು ತೇಲಿಸಿದರು, “ನಮಗ ಮನಿ ಕೆಲಸನೇ ವಾಕಿಂಗ್ ಬಿಡ್ರಿ.” ಅರ್ಧ ನಿಜ. ಕಸ, ಮುಸುರೆ, ಬಟ್ಟೆ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಅರ್ಧ ತಾಸಿಗೊಮ್ಮೆ ಎದ್ದು ಓಡಾಡುವವರ ಸಕ್ಕರೆ ಕೂತೇ ಇರುವವರಿಗಿಂತ ಚೆನ್ನಾಗಿಯೇ ಇರುತ್ತದೆ. ಆದರೆ ಬೀಸುಕಲ್ಲು ಹೋಗಿ ಗಿರಣಿ ಬಂತು, ಒರಳು ಹೋಗಿ ಮಿಕ್ಸರ್ ಬಂತು, ನಲ್ಲಿ ಅಂಗಳಕ್ಕೇ ಬಂತು. ಒಳ್ಳೆಯದೇ ಆಯಿತು, ಆ ಕಷ್ಟ ಮತ್ತೆ ಬರಲಿ ಎಂದು ಬಯಸುವವನು ನಾನಲ್ಲ. ಆದರೆ ಹೆಂಗಸರಿಗೆ ಉಳಿದ ತೊಡಕು ಬೇರೆ. ಗಂಡಸರು ನಡೆದರೆ ನಗುತ್ತಾರೆ ಅಷ್ಟೆ, ಹೆಂಗಸರು ನಡೆದರೆ “ಎಲ್ಲಿಗಿ ಹೊಂಟಿ?” ಎಂದು ಹತ್ತು ಕಡೆ ಕೇಳುತ್ತಾರೆ. ಓಣಿಯ ನಾಲ್ಕು ಜನ ಸೇರಿ ಗುಡಿಗೆಂದು ಹೊರಟರೆ ಯಾರೂ ಕೇಳುವುದಿಲ್ಲ, ಹಾದಿಯನ್ನು ಸ್ವಲ್ಪ ಉದ್ದ ಮಾಡಿಕೊಂಡರಾಯಿತು. ಅದೂ ಆಗದಿದ್ದರೆ ಕಟ್ಟೆಯ ಮೇಲೆ ಕೂತು ಕೈ ಊರದೆ ಹತ್ತು ಸಲ ಏಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ನೆಲಕ್ಕೆ ಕೂತು ರೊಟ್ಟಿ ಬಡಿದು ಏಳುತ್ತಿದ್ದ ತೊಡೆಗಳು ಗ್ಯಾಸ್ ಕಟ್ಟೆಯ ಮುಂದೆ ನಿಂತು ನಿಂತು ಸೋತಿವೆ. ಸ್ನಾಯು ಕರಗಿದಷ್ಟೂ ಸಕ್ಕರೆ ಇಡಲು ಜಾಗ ಕಡಿಮೆ. ವಾರಕ್ಕೆ ಎರಡು-ಮೂರು ದಿನ ಬಲದ ವ್ಯಾಯಾಮವೂ ಇರಲಿ ಎಂದು ವೈದ್ಯರು ಹೇಳುವುದು ಅದಕ್ಕೇ. ಕಣ್ಣಿನ ಹಿಂಪರದೆಯಲ್ಲಿ ರಕ್ತನಾಳ ಕೆಟ್ಟಿದೆ ಎಂದು ಗೊತ್ತಾದವರು ಮಾತ್ರ ಉಸಿರು ಬಿಗಿಹಿಡಿದು ಭಾರ ಎತ್ತಬಾರದು.

ಸಕ್ರಿ ಬ್ಯಾನಿಗೆ ನಡಿಗೆ ಹೇಳಿದ್ದು ಹೊಸತಲ್ಲ. ಸುಶ್ರುತ ಸಂಹಿತೆಯ ಪ್ರಮೇಹ ಚಿಕಿತ್ಸೆಯಲ್ಲಿ ಬಡ ರೋಗಿಗೆ ಸೊಗಸಾದ ವಿಧಾನವಿದೆ: ಊರಿಂದೂರಿಗೆ ಭಿಕ್ಷೆ ಬೇಡುತ್ತ ನೂರು ಯೋಜನ ನಡೆ, ಒಂದೂರಲ್ಲಿ ಒಂದೇ ರಾತ್ರಿ ಉಳಿ, ಇಲ್ಲವೇ ದನಗಳ ಹಿಂದೆ ತಿರುಗು, ಇಲ್ಲವೇ ಬಾವಿ ತೋಡು. ಓದಿದಾಗಲೆಲ್ಲ ನನಗೆ ನೆನಪಾಗುವುದು ಇದೇ ತಾಲ್ಲೂಕಿನ ದೇವಲ ಗಾಣಗಾಪುರ. ಮಧ್ಯಾಹ್ನ ದತ್ತ ಭಕ್ತರು ಜೋಳಿಗೆ ಹಿಡಿದು ಮನೆ ಮನೆಗೆ ಮಧುಕರಿಗೆ ಹೋಗುತ್ತಾರಲ್ಲ, ಆ ದೃಶ್ಯ. ಮಧುಮೇಹಕ್ಕೆ ಮಧುಕರಿ! ನಡೆದೂ ಆಯಿತು, ಸಿಕ್ಕಿದ್ದನ್ನಷ್ಟೇ ಉಂಡಂತೆಯೂ ಆಯಿತು.

ಆದರೆ ಸುಶ್ರುತನ ಒಂದು ಮಾತನ್ನು ನಾನು ಒಪ್ಪಲಾರೆ. ಕಾಲಿಗೆ ಪಾದರಕ್ಷೆ ಇಲ್ಲದೆ ನಡೆ ಎನ್ನುತ್ತಾನೆ. ನಮ್ಮವರು ಇದನ್ನು ಅಕ್ಷರಶಃ ಪಾಲಿಸುತ್ತಾರೆ. ಯುಗಾದಿ ಮುಂದೆ ಶ್ರೀಶೈಲಕ್ಕೆ, ಹರಕೆ ಹೊತ್ತು ಘತ್ತರಗಿ ಭಾಗ್ಯವಂತಿಗೆ ಬರಿಗಾಲಲ್ಲಿ ನಡೆಯುವವರಲ್ಲಿ ಶುಗರ್ ಇದ್ದವರೂ ಇದ್ದಾರೆ. ಕಾದ ಡಾಂಬರು ಅವರ ಪಾದವನ್ನು ಸುಟ್ಟರೂ ಅವರಿಗೆ ಗೊತ್ತಾಗದೇ ಇರಬಹುದು. ಹಲವು ವರ್ಷದ ಸಕ್ಕರೆ ಮೊದಲು ತಿನ್ನುವುದೇ ಪಾದದ ನರಗಳನ್ನು.

ಆ ಸಂಜೆ ನನ್ನ ಕಣ್ಣೆದುರೇ ಒಂದು ನಡೆಯಿತು. ಕಾಕಾ ಬಿಟ್ಟಿದ್ದ ಬಲಗಾಲ ಚಪ್ಪಲಿ ಮಗುಚಿ ಬಿದ್ದಿತ್ತು. ಅಟ್ಟೆಯ ಮಧ್ಯೆ ಕರ್ರಗೆ ಒಂದು ಚುಕ್ಕೆ. ತಿರುಗಿಸಿದರೆ ಒಳಗಡೆ ಕಾಲೂರುವ ಜಾಗದಲ್ಲಿ ಜಾಲಿಮುಳ್ಳಿನ ಮೊನೆ, ಗೋದಿ ಕಾಳಿನಷ್ಟು ಉದ್ದ ಎದ್ದು ನಿಂತಿತ್ತು. ಮೊಮ್ಮಗ ಪಕ್ಕಡ ತಂದು ಎಳೆದ. ಕಾಕಾನ ಅಂಗಾಲಿನಲ್ಲಿ ಅದೇ ಜಾಗದಲ್ಲಿ ಒಂದು ತೂತು, ಸುತ್ತ ಬೆಳ್ಳಗೆ ನೆನೆದ ತೊಗಲು. “ಯಾವಾಗ ಚುಚ್ಚಿತ್ರಿ?” ಅಂದರೆ ಅವರಿಗೇ ಗೊತ್ತಿಲ್ಲ. ಆಮೇಲೆ ಹುಡುಗನಿಗೆ ಒಂದು ಪರೀಕ್ಷೆ ಕಲಿಸಿದೆ. ಮುತ್ಯಾನ ಕಣ್ಣು ಮುಚ್ಚಿಸು, ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಗರಿ ಸೋಕಿದಂತೆ ಒಂದೆರಡು ಸೆಕೆಂಡು ಮುಟ್ಟು, ಮುಟ್ಟಿದ್ದು ಗೊತ್ತಾದರೆ ‘ಹೂಂ’ ಅನ್ನಲಿ. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ಹೆಸರಲ್ಲಿರುವ ಈ ಪರೀಕ್ಷೆಗೆ ಸಲಕರಣೆ ಬೇಡ, ದುಡ್ಡು ಬೇಡ. ಆರರಲ್ಲಿ ಎರಡು ತಪ್ಪಿದರೂ ಪಾದ ಅಪಾಯದಲ್ಲಿದೆ ಎಂದೇ ಲೆಕ್ಕ. ಕಾಕಾ ಮೂರು ತಪ್ಪಿದರು. ಮರುದಿನವೇ ಡಾಕ್ಟರಿಗೆ ತೋರಿಸಬೇಕು, ಗಾಯ ಮಾಯುವ ತನಕ ನಡಿಗೆ ಬಂದ್ ಎಂದು ಗಟ್ಟಿಯಾಗಿ ಹೇಳಿ ಬಂದೆ.

ಇಂಥ ಪಾದದವರಿಗೆ ಎಂಸಿಆರ್ ಚಪ್ಪಲಿ ಎಂದು ಕೇಳಿದರೆ ದೊಡ್ಡ ಆಸ್ಪತ್ರೆಗಳಲ್ಲಿ ಗೊತ್ತು. ಕುಷ್ಠರೋಗದಲ್ಲಿ ಸ್ಪರ್ಶ ಕಳೆದುಕೊಂಡ ಪಾದಗಳಿಗಾಗಿ ತಮಿಳುನಾಡಿನ ವೆಲ್ಲೂರು-ಕರಿಗಿರಿಯಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಜೊತೆಯವರು ರೂಢಿಗೆ ತಂದ ಮೆತ್ತನೆ ರಬ್ಬರಿನ ಅಟ್ಟೆ ಅದು. ಈಗ ಶುಗರ್‌ನವರ ಕಾಲಿಗೂ ಒದಗಿದೆ. ಹಿಮ್ಮಡಿಗೆ ಪಟ್ಟಿ ಇರಬೇಕು, ಹೆಬ್ಬೆರಳ ಸಂದಿಗೆ ಉಂಗುಟ ಇರಬಾರದು. ಹಾಕುವ ಮೊದಲು ಕೊಡವಿ, ಬಿಟ್ಟ ಮೇಲೆ ಅಂಗಾಲನ್ನು ಕನ್ನಡಿಯಲ್ಲಿ ನೋಡಬೇಕು. ಪ್ರದಕ್ಷಿಣೆ ಹಾಕುವಾಗ ದಪ್ಪನೆಯ ಕಾಲುಚೀಲ ಹಾಕಿಕೊಂಡರೆ ಯಾವ ದೇವರೂ ಮುನಿಯಲಾರ.

ಇನ್ನು ಸಕ್ಕರೆ ತೀರ ಇಳಿಯುವ ಮಾತು. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಈ ಭಯ ಇಲ್ಲವೆನ್ನುವಷ್ಟು ಕಡಿಮೆ. ಗ್ಲಿಮಿಪಿರೈಡ್ ಬಗೆಯ ಮಾತ್ರೆ, ಇನ್ಸುಲಿನ್ ಚುಚ್ಚುಮದ್ದು ಇದ್ದವರು ಹಸಿದ ಹೊಟ್ಟೆಯಲ್ಲಿ ನಸುಕಿನಲ್ಲಿ ಮೈಲುಗಟ್ಟಲೆ ನಡೆಯಬಾರದು. ಉಂಡ ಮೇಲಿನ ಹತ್ತು ನಿಮಿಷ ಇವರಿಗೂ ಕ್ಷೇಮ. ಮೈ ನಡುಗಿ, ತಣ್ಣನೆ ಬೆವರು ಬಂದು, ಕಣ್ಣು ಮಂಜಾದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿದು ಕಾಲು ತಾಸು ಕೂರಬೇಕು. ಹವಳಗಾದಲ್ಲಿ ಸಕ್ಕರೆಯನ್ನು ಔಷಧಿ ಎಂದು ಕಿಸೆಯಲ್ಲಿಟ್ಟುಕೊಳ್ಳಬೇಕಾದವರು ಇವರೊಬ್ಬರೇ. ನಡೆಯುವುದಕ್ಕೆ ಮುಂಚೆ ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡರೆ ಅದು ಬೇಗ ರಕ್ತಕ್ಕೆ ಸೇರುತ್ತದೆ, ಹೊಟ್ಟೆಗೆ ಚುಚ್ಚುವುದು ಮೇಲು. ಸಕ್ಕರೆ 250 ದಾಟಿ ಮೈ ಸರಿಯಿಲ್ಲ, ವಾಂತಿ, ಜ್ವರ ಅನ್ನಿಸಿದ ದಿನ ನಡಿಗೆಗೆ ರಜೆ. ರಂಜಾನಿನಲ್ಲಿ ರೋಜಾ ಹಿಡಿಯುವವರು ಇಫ್ತಾರಿಗೆ ಮುಂಚೆ ಮೈ ದಣಿಸಿಕೊಳ್ಳಬಾರದು. ರಾತ್ರಿಯ ತರಾವೀಹ್ ನಮಾಜಿನಲ್ಲಿ ನಿಂತು, ಬಾಗಿ, ಕೂತು, ಏಳುವುದನ್ನೇ ಆ ದಿನದ ವ್ಯಾಯಾಮದ ಲೆಕ್ಕಕ್ಕೆ ಹಿಡಿಯಬಹುದು ಎಂದು ಮಧುಮೇಹ ತಜ್ಞರೇ ಹೇಳುತ್ತಾರೆ.

ಎಲ್ಲಿ ನಡೆಯುವುದು ಎಂಬುದಕ್ಕೆ ಮಾತ್ರ ನನ್ನದು ಹಟದ ಉತ್ತರ: ದೊಡ್ಡ ರಸ್ತೆಯಲ್ಲಿ ಬೇಡ. ಹಂಗಾಮಿನ ರಾತ್ರಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದಿನ ದೀಪವಿಲ್ಲದೆ ಬರುವ ಟ್ರ್ಯಾಕ್ಟರುಗಳ ನಡುವೆ ಆರೋಗ್ಯ ಹುಡುಕಬಾರದು. ಶಾಲೆಯ ಬಯಲು, ಗುಡಿಯ ಪೌಳಿ, ಓಣಿ, ಕಡೆಗೆ ಮನೆಯ ಪಡಸಾಲೆಯೂ ಸಾಕು. ಹತ್ತು ಹೆಜ್ಜೆಯ ಪಡಸಾಲೆಯಾದರೆ ನೂರು ಸಲ.

ಗಾಯ ಮಾಯ್ದ ಮೇಲೆ ಮತ್ತೊಮ್ಮೆ ಆ ಮನೆಗೆ ಹೋಗಿದ್ದೆ. ರಾತ್ರಿ ಎಂಟೂವರೆ. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿಯ ಊಟ ಮುಗಿದಿತ್ತು. ಕಾಕಾ ಹೊಸ ಚಪ್ಪಲಿ ಮೆಟ್ಟಿ ತಲಬಾಗಿಲಿನಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ತಲಬಾಗಿಲಿಗೆ ನಡೆಯತೊಡಗಿದರು.

“ಏನದು, ಮನಿತುಂಬ ಶತಪಥ ಹಾಕ್ಲತ್ತೀರಿ?” ಅಂದರು ಕಾಕಿ.

“ಕಾಟಾ ಮುಂದ ಗಾಡಿ ಪಾಳಿ ಹಚ್ಚ್ಯಾವ. ಒಳಗ ಬಿಡ್ಲತ್ತೀನಿ.”

“ಹಂಗಾದ್ರ ಹೋಗೋ ಗಾಡಿಗಿ ಈ ತಾಟೂ ಹೇರಿಕೊಂಡು ಹಿತ್ತಲಿಗಿ ಒಯ್ರಿ.”

ಕಾಕಾ ನನ್ನ ಕಡೆ ಒಮ್ಮೆ ನೋಡಿ, ತಾಟುಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಹೊರಟರು.